ಮೂವತ್ತೊಂದನೆಯವರಿಗೆ ಹೇಳಬೇಕಿದ್ದ ಮಾತು

ಮನೆಯಲ್ಲಿ ಅವಳಿಗೆ ಗೂಬೆ ಎಂದು ಹೆಸರು. ಆರನೇ ವಯಸ್ಸಿಗೇ ದಪ್ಪ ಗಾಜಿನ ದುಂಡು ಕನ್ನಡಕ ಬಂದದ್ದರಿಂದ ಅಮ್ಮ ಇಟ್ಟದ್ದು. ಅಮ್ಮ ಹೋಗಿ ಮೂರು ತಿಂಗಳಾಯಿತು. ಈಗ ಹಾಗೆ ಕರೆಯುವವರು ಯಾರೂ ಇಲ್ಲ, ಆದ್ದರಿಂದ ನಾವೇ ಕರೆಯೋಣ.

ಅಮ್ಮನ ಆಸ್ಪತ್ರೆ ಓಡಾಟದಲ್ಲಿ ಗೂಬೆ ಕಾಲೇಜಿನ ಒಂದು ವಿಷಯ ಕೈಬಿಟ್ಟಿದ್ದಳು. ಪದವಿಗೆ ನಾಲ್ಕು ಕ್ರೆಡಿಟ್ ಕಡಿಮೆ ಬಿತ್ತು. ಮನೋವಿಜ್ಞಾನದ ಪ್ರೊಫೆಸರರ ಸಂಶೋಧನೆಗೆ ಸಹಾಯಕಿಯಾದರೆ ಆ ನಾಲ್ಕೂ ಸಿಗುತ್ತವೆ ಎಂದು ವಿಭಾಗದ ನೋಟಿಸ್ ಬೋರ್ಡಿನಲ್ಲಿತ್ತು. ನಲವತ್ತು ಜನರನ್ನು ಕೂರಿಸಿ ಪರೀಕ್ಷೆ ಮಾಡಿ, ನಲವತ್ತು ಫಾರ್ಮು ಸರಿಯಾಗಿ ತುಂಬಿ ಕೊಟ್ಟರೆ ಪ್ರೊಫೆಸರರ ಸಹಿ. ಸಹಿ ಬಿದ್ದರೆ ಈ ವರ್ಷವೇ ಪದವಿ, ಇಲ್ಲದಿದ್ದರೆ ಇನ್ನೊಂದು ವರ್ಷ ಅದೇ ಬೆಂಚು.

ಪರೀಕ್ಷೆ ಎನ್ನುವುದು ಒಂದು ನಾಟಕ. ಎರಡನೇ ಮಹಡಿಯ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ. ಬಂದವರಿಗೆ ಕಣ್ಣುಗಳಷ್ಟೇ ಕಾಣುವ ಮೂವತ್ತು ಫೋಟೊ ತೋರಿಸಿ, ಈ ಮನುಷ್ಯನ ಮನಸ್ಸಿನಲ್ಲಿ ಏನಿದೆ ಎಂದು ಕೇಳಬೇಕು. ಅವರು ಏನು ಬರೆದರೂ ಒಂದೇ. ಯಾವ ನಂಬರಿನವರಿಗೆ 'ಮೇಲೆ', ಯಾರಿಗೆ 'ಕೆಳಗೆ' ಎಂದು ಪ್ರೊಫೆಸರರು ಮೊದಲೇ ಚೀಟಿ ಎತ್ತಿ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರು. 'ಕೆಳಗೆ' ಬಿದ್ದವರಿಗೆ ಗೂಬೆ ಓದಬೇಕಾದ ಸಾಲು ಇದು: "ಇನ್ನೊಬ್ಬರ ಮನಸ್ಸು ತಿಳಿಯುವುದರಲ್ಲಿ ನೂರಕ್ಕೆ ಎಂಬತ್ತು ಜನ ನಿಮಗಿಂತ ಮುಂದಿದ್ದಾರೆ." ಆಮೇಲೆ ಅವರು ಒಂದು ಪ್ರಶ್ನಾವಳಿ ತುಂಬುತ್ತಾರೆ. ಅವರು ಹೊರಡುವ ಮೊದಲು ಗೂಬೆ ನಿಜ ಹೇಳಿ, ಫಾರ್ಮಿನ ಕೊನೆಯ ಚೌಕದಲ್ಲಿ ಗುರುತು ಹಾಕಬೇಕು: "ಈ ಫಲಿತಾಂಶ ಸುಳ್ಳು. ನಿಮ್ಮ ಉತ್ತರಗಳನ್ನು ನಾವು ನೋಡಿಯೇ ಇಲ್ಲ."

ಸುಳ್ಳನ್ನೂ ನಿಜವನ್ನೂ ಒಂದೇ ದನಿಯಲ್ಲಿ ಓದಬೇಕು. ಇದರಲ್ಲಿ ಗೂಬೆಯನ್ನು ಮೀರಿಸುವವರಿರಲಿಲ್ಲ.

"ನಿಮ್ಮ ದನಿ ಇಸ್ತ್ರಿ ಹಾಕಿದ ಹಾಗಿದೆ. ಒಂದು ಸುಕ್ಕಿಲ್ಲ," ಎಂದು ಪ್ರೊಫೆಸರರು ಮೆಚ್ಚಿಕೊಂಡರು. ಪಾಪ, ಅದನ್ನು ಅಭ್ಯಾಸದ ಫಲ ಎಂದುಕೊಂಡಿದ್ದರು.

ಆ ದನಿ ಬಂದದ್ದು ಬೇರೆ ಕಡೆಯಿಂದ. ಅಮ್ಮನ ಕೊನೆಯ ದಿನ ಗೂಬೆ ಪರೀಕ್ಷೆ ಬರೆಯುತ್ತಿದ್ದಳು. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹದಿನೆಂಟು ರಾತ್ರಿ ಒಬ್ಬಳೇ ಕಾದಿದ್ದ ಅಕ್ಕ ಕಾರಿಡಾರಿನಲ್ಲೇ ಅಂದುಬಿಟ್ಟಳು: "ಈಗ ಬಂದ್ಯಾ? ಅಮ್ಮ ಒಂದು ಸಲಾನೂ ನಿನ್ನ ಕೇಳ್ಲಿಲ್ಲ." ತಿಂಗಳು ಕಳೆದ ಮೇಲೆ ಅವಳೇ ಫೋನ್ ಮಾಡಿ, "ಸಿಟ್ಟಲ್ಲಿ ಅಂದೆ ಕಣೆ. ಸುಳ್ಳು ಅದು. ಅಮ್ಮ ನಿನ್ನೇ ಕೇಳ್ತಿದ್ರು," ಎಂದಳು. ಗೂಬೆ "ಆಯ್ತಕ್ಕ" ಎಂದು ಇಟ್ಟಳು. ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎನಿಸಿತು. ಅಳು ಬರಲಿಲ್ಲ, ಕೋಪವೂ ಬರಲಿಲ್ಲ. ಯಾರಾದರೂ ತಟ್ಟೆಗೆ ಹಾಕಿದರೆ ತಿನ್ನುತ್ತಿದ್ದಳು, ಹಾಕದಿದ್ದರೆ ಇಲ್ಲ.

ಮೂವತ್ತೊಂದನೆಯವರಾಗಿ ಬಂದವರು ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಹೆಂಗಸು. ವಿದ್ಯಾರ್ಥಿಗಳ ಬಾಯಲ್ಲಿ ಪುಸ್ತಕದಮ್ಮ. ಅವರ ನಂಬರಿಗೆ 'ಕೆಳಗೆ' ಬಿದ್ದಿತ್ತು. ಗೂಬೆ ಸಾಲು ಓದಿದಳು.

"ಹೌದಮ್ಮ," ಎಂದರು ಪುಸ್ತಕದಮ್ಮ. "ನನ್ನ ಮಗಳೂ ಅದೇ ಅಂತಾಳೆ. ನಿನಗೇನೂ ಅರ್ಥ ಆಗಲ್ಲ ಅಂತ."

ಪ್ರಶ್ನಾವಳಿ ಮುಗಿಯುತ್ತಿದ್ದ ಹಾಗೇ ಗ್ರಂಥಾಲಯದಿಂದ ಫೋನ್ ಬಂತು, ಅವರು ಚಪ್ಪಲಿ ಮೆಟ್ಟಿ ದಡಬಡ ಇಳಿದು ಹೋದರು. ಗೂಬೆ ಫಾರ್ಮನ್ನು ಫೈಲಿಗೆ ಸೇರಿಸಿದಳು. ಕೊನೆಯ ಚೌಕದಲ್ಲಿ ಗುರುತು ಆಗಲೇ ಇತ್ತು, ಏಕೆಂದರೆ ಬೆಳಿಗ್ಗೆ ಬಂದಕೂಡಲೇ ಆ ದಿನದ ಎಲ್ಲ ಫಾರ್ಮುಗಳ ಎಲ್ಲ ಚೌಕಗಳಿಗೂ ಗುರುತು ಎಳೆದಿಡುವುದು ಅವಳು ಕಂಡುಕೊಂಡ ಸುಲಭೋಪಾಯ. ನಿಜ ಹೇಳಿಲ್ಲ ಎನ್ನುವುದು ಅವಳ ತಲೆಗೆ ಹೊಳೆಯಲೇ ಇಲ್ಲ.

ಎಂಟು ದಿನದ ಮೇಲೆ, ಮೂವತ್ತೊಂಬತ್ತು ಮುಗಿದು ಒಂದೇ ಒಂದು ಉಳಿದಿದ್ದಾಗ, ಅವಳು ಪುಸ್ತಕ ಹಿಂದಿರುಗಿಸಲು ಗ್ರಂಥಾಲಯಕ್ಕೆ ಹೋದಳು.

"ನಿನ್ನ ಪರೀಕ್ಷೆಯಿಂದ ಒಳ್ಳೇದೇ ಆಯ್ತು," ಎಂದರು ಪುಸ್ತಕದಮ್ಮ, ಏಣಿಯ ಮೇಲಿಂದ. "ಮಗಳಿಗೆ ದಿನಾ ಫೋನ್ ಮಾಡ್ತಿದ್ದೆ. ಯಾಕೋ ಅವಳ ದನಿ ಸರಿಯಿಲ್ಲ, ಏನೋ ಮುಚ್ಚಿಡ್ತಿದಾಳೆ ಅನಿಸ್ತಿತ್ತು. ಏನೂ ಇಲ್ಲ ಅಂತ ರೇಗೋಳು. ಈಗ ಬಿಟ್ಬಿಟ್ಟಿದೀನಿ. ನಂದೇ ತಪ್ಪು ತಿಳುವಳಿಕೆ ಅಂತ ಗೊತ್ತಾಯ್ತಲ್ಲ."

ಗೂಬೆಗೆ ಆಗ ಚೌಕ ನೆನಪಾಯಿತು. ಬಾಯಿಪಾಠವಾಗಿದ್ದ ಸಾಲನ್ನು ಅಲ್ಲೇ, ಅದೇ ದನಿಯಲ್ಲಿ ಒಪ್ಪಿಸಿದಳು. "ಈ ಫಲಿತಾಂಶ ಸುಳ್ಳು. ನಿಮ್ಮ ಉತ್ತರಗಳನ್ನು ನಾವು ನೋಡಿಯೇ ಇಲ್ಲ."

ಪುಸ್ತಕದಮ್ಮ ನಕ್ಕರು. "ನನಗೆ ಬೇಜಾರಾಗ್ಬಾರ್ದು ಅಂತ ಹೇಳ್ತಿದೀಯ. ಒಳ್ಳೇ ಹುಡುಗಿ ನೀನು. ಬಿಡು."

ಗೂಬೆ ಏಣಿ ಹಿಡಿದು ನಿಂತಳು. ಒಮ್ಮೆ ಒಳಗೆ ಇಳಿದ ಮಾತನ್ನು ಇನ್ನೊಂದು ಮಾತು ಹಾಕಿ ತೆಗೆಯಲಾಗುವುದಿಲ್ಲ ಎಂಬುದು ಈ ಊರಿನಲ್ಲಿ ಅವಳಷ್ಟು ಯಾರಿಗೆ ಗೊತ್ತು? ಚೀಟಿಯ ಹಾಳೆಯನ್ನು ಸಂಶೋಧನೆ ಮುಗಿಯುವವರೆಗೆ ಹೊರಗಿನವರಿಗೆ ತೋರಿಸಬಾರದು, ಅದು ಮೊದಲನೇ ದಿನವೇ ಹೇಳಿದ ನಿಯಮ. ತೋರಿಸಿದರೆ ಸಹಿ ಇಲ್ಲ, ಪದವಿ ಇಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದೂ ಇಲ್ಲ, ಚೌಕದಲ್ಲಿ ಗುರುತಂತೂ ಇದೆ. ಅವಳು ಎರಡನೇ ಮಹಡಿಗೆ ಹೋಗಿ ಹಾಳೆ ತಂದಳು.

ಪುಸ್ತಕದಮ್ಮ ಏಣಿಯಿಂದ ಇಳಿದು ಕೈ ಒರೆಸಿಕೊಂಡರು. ಮೂವತ್ತೊಂದರ ಎದುರು 'ಕೆಳಗೆ' ಎಂದಿತ್ತು. ಹಾಳೆಯ ತುದಿಯಲ್ಲಿ ತಾರೀಖಿತ್ತು, ಪಕ್ಕದಲ್ಲಿ ಪ್ರೊಫೆಸರರ ರುಜು.

"ನಾನು ಬರೋಕೆ ಒಂದು ತಿಂಗಳು ಮುಂಚೇನೇ?"

"ಮುಂಚೇನೇ. ನೀವು ಯಾರಂತಾನೂ ಗೊತ್ತಿರ್ಲಿಲ್ಲ."

ಅವರು ಇನ್ನೊಮ್ಮೆ ತಾರೀಖು ನೋಡಿದರು. ಹಾಳೆಯನ್ನು ಅವಳ ಕೈಗೆ ಕೊಟ್ಟು, ಫೋನ್ ಹುಡುಕುತ್ತ ಬೇಗ ಬೇಗ ಹೊರಗೆ ನಡೆದರು.

ಪ್ರೊಫೆಸರರು ಕೂಗಾಡಲಿಲ್ಲ. ಗೂಬೆ ತಾನೇ ಹೋಗಿ ಹೇಳಿದ್ದನ್ನೆಲ್ಲ ಕೇಳಿ ಫೈಲು ಮುಚ್ಚಿದರು. "ಗುರುತು ಮೊದಲೇ ಹಾಕ್ತಿದ್ರಿ ಅಂದ್ಮೇಲೆ ಒಂದಲ್ಲ, ಯಾವ ಫಾರ್ಮನ್ನೂ ನಂಬೋಕಾಗಲ್ಲ. ಕ್ರೆಡಿಟ್ ಕೊಡೋಕಾಗಲ್ಲಮ್ಮ."

"ಆಯ್ತು ಸರ್."

"ಅವರು ನಂಬಿದ್ರಾ?"

"ಹಾಳೆ ನೋಡಿದ್ಮೇಲೆ ನಂಬಿದ್ರು."

ವಿಭಾಗದ ಮೆಟ್ಟಿಲಿಗೆ ಬಂದು ಕೂತಳು. ಒಂದು ವರ್ಷ ಹೋಯಿತು ಎಂದುಕೊಂಡಳು. ಏನೂ ಅನಿಸಲಿಲ್ಲ. ಫೋನ್ ತೆಗೆದು ಅಕ್ಕನಿಗೆ ಮಾಡಿದಳು.

"ಅಕ್ಕ, ಅಮ್ಮ ನನ್ನ ಕೇಳ್ತಿದ್ರು ಅಂದ್ಯಲ್ಲ. ಏನಂತ ಕೇಳಿದ್ರು? ಅವರಂದ ಹಾಗೇ ಹೇಳು."

ಅಕ್ಕ ತಡವರಿಸಿದಳು. "ಏನಂತ ಹೇಳ್ಲಿ. ಬಡಬಡಿಸ್ತಿದ್ರು ಕಣೆ, ತಲೆಬುಡ ಇರ್ಲಿಲ್ಲ. ಅದಕ್ಕೇ ಬಿಡಿಸಿ ಹೇಳ್ಲಿಲ್ಲ."

"ಪರವಾಗಿಲ್ಲ, ಹೇಳು."

"'ಗೂಬೆ ಕನ್ನಡಕ ಬಿಟ್ಟು ಹೋಗ್ತಿದಾಳೆ, ಕರಿ ಅವಳನ್ನ' ಅಂತ. ಎರಡು ದಿನ ಅದೇ ಮಾತು. ನಾನು ದಿಂಬಿನ ಕೆಳಗೆ, ಮಂಚದ ಕೆಳಗೆ ಎಲ್ಲ ನೋಡ್ದೆ. ಎಲ್ಲಿಯ ಕನ್ನಡಕ? ಯಾಕೇ, ಏನಾಯ್ತು?"

ಅಮ್ಮನನ್ನು ಕೊನೆಯ ಸಲ ಕಂಡ ದಿನ ಅಕ್ಕ ಔಷಧಿ ತರಲು ಕೆಳಗೆ ಹೋಗಿದ್ದಳು. ಗೂಬೆ ಮುಖ ತೊಳೆಯಲು ತೆಗೆದಿಟ್ಟ ಕನ್ನಡಕ ಮರೆತು ಬಾಗಿಲು ದಾಟಿದ್ದಳು. ಅಮ್ಮ ಇದ್ದ ಶಕ್ತಿಯನ್ನೆಲ್ಲ ಸೇರಿಸಿ ಕೂಗಿ ಕರೆದಿದ್ದರು. ಅವಳು ವಾಪಸು ಬಂದು ಕನ್ನಡಕ ಹಾಕಿಕೊಂಡು ಹೋಗಿದ್ದಳು. ಕೋಣೆಯಲ್ಲಿ ಅವರಿಬ್ಬರೇ ಇದ್ದದ್ದು. ಆ ವಿಷಯವನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಗೂಬೆ, ಇದೀಯೇನೆ?" ಎಂದಳು ಅಕ್ಕ.

"ಇದೀನಿ," ಎಂದಳು. ದನಿ ಆ ಒಂದು ಪದವನ್ನೂ ಪೂರ್ತಿ ದಾಟಲಿಲ್ಲ. ಅವಳು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.