ತಮ್ಮನ ಹೆಸರಿನ ಗೋಧಿ

ಬಸ್ಸಿಳಿದ ಸ್ವಿಲೆನ್ ಲೈಟುಕಂಬದ ಮುಂದೆ ಕಲ್ಲಾಗಿ ನಿಂತ. ಕಪ್ಪು ಅಂಚಿನ ಸಾವಿನ ಚೀಟಿಯಲ್ಲಿ ತನ್ನದೇ ಮುಖ!

ಈ ಊರಿನಲ್ಲಿ ಸತ್ತವರು ಕಂಬಗಳ ಮೇಲೆ ಬದುಕುತ್ತಾರೆ. ಮೂರನೇ ದಿನಕ್ಕೊಂದು, ನಲವತ್ತನೇ ದಿನಕ್ಕೊಂದು, ವರ್ಷಕ್ಕೊಂದು ಚೀಟಿ. ನೂಲಿನ ಗಿರಣಿ ಮುಚ್ಚಿದ ಮೇಲಂತೂ ಕಂಬಗಳೇ ಸಾಲುತ್ತಿರಲಿಲ್ಲ. ಆದರೆ ಉಸಿರಾಡುವವನನ್ನು ಯಾರೂ ಅಂಟಿಸಿರಲಿಲ್ಲ.

‘ಪ್ರೀತಿಯ ತಮ್ಮ, ಸಮಾಜಶಾಸ್ತ್ರಜ್ಞ ಸ್ವಿಲೆನ್. ದುಃಖದಲ್ಲಿ, ಅಕ್ಕ ಡೋನ್ಕಾ.’

ಯಾವನೋ ಕಿಡಿಗೇಡಿ ಅಕ್ಕನ ಹೆಸರು ಹಾಕಿದ್ದಾನೆ ಎಂದುಕೊಂಡು ಪರಪರ ಕಿತ್ತ. ಮುಂದಿನ ಕಂಬದಲ್ಲೂ ಅದೇ. ವಾಚನಾಲಯದ ಗೋಡೆಯ ಮೇಲೆ, ಸಂಜೆ ಅವನೇ ಮಾಡಬೇಕಿದ್ದ ಭಾಷಣದ ಜಾಹೀರಾತಿನ ಪಕ್ಕದಲ್ಲೂ ಅದೇ.

ಬೇಕರಿ ಕಟ್ಟೆಯ ಮೇಲೆ ಕೂತಿದ್ದ ಮುದುಕ ಮಿಂಚೊ ಟೋಪಿ ತೆಗೆದ. "ಪ್ರೊಫೆಸರ್ರೇ, ನಿಮ್ಮ ಆತ್ಮಕ್ಕೆ ಶಾಂತಿ ಸಿಗ್ಲಿ. ಸತ್ತ ಮೇಲೆ ಒಂಥರಾ ಕಳೆ ಬಂದದೆ ನೋಡಿ!"

"ಯಾರು ಮಾಡಿದ್ದು ಇದನ್ನ?"

"ನನ್ನ ಯಾಕೆ ಕೇಳ್ತೀರಿ? ನಾನೂ ಬೇಗ ಸಾಯ್ಬೇಕಾದೋನೇ, ನೀವೇ ಬರ್ದಿದೀರಲ್ಲ. ಮನೆಗೋಗಿ. ನಿಮ್ಮಕ್ಕ ಸತ್ತ ನಿಮ್ಮ ಹೆಸರಲ್ಲಿ ಗೋಧಿ ಹಂಚ್ತಾವ್ಳೆ."

ಬರೆದಿದ್ದ, ಹೌದು. ‘ಹಳೆಯ ಕಮ್ಯುನಿಸ್ಟ್ ಆಡಳಿತದಲ್ಲಿ ಬೆಳೆದ ತಲೆಮಾರು ಮಣ್ಣಾಗುವವರೆಗೆ ಈ ದೇಶ ಯೂರೋಪ್ ಆಗುವುದಿಲ್ಲ.’ ಟೀವಿಯಲ್ಲೂ ಅದನ್ನೇ ಅಂದಿದ್ದ. ಬ್ರಸೆಲ್ಸ್‌ನ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತ್ತು. ಆ ತಲೆಮಾರಿನಲ್ಲಿ ತನ್ನ ಅಕ್ಕ ಇದ್ದಾಳೆಂದು ಆ ಮಹಾನುಭಾವನಿಗೆ ಹೊಳೆಯಲೇ ಇಲ್ಲ! ಅವನನ್ನು ಓದಿಸಲೆಂದು ನೂಲಿನ ಧೂಳು ಕುಡಿದವಳು. ಗಿರಣಿ ಹೋಯಿತು, ಕೆಮ್ಮು ಉಳಿಯಿತು.

ಗೇಟಿನ ಹಿಂದೆ ಅಕ್ಕ ತಲೆಗೆ ಕಪ್ಪು ವಸ್ತ್ರ ಕಟ್ಟಿಕೊಂಡು ನಿಂತಿದ್ದಳು. ಮೇಜಿನ ಮೇಲೆ ಸಕ್ಕರೆ, ಅಕ್ರೋಟು ಬೆರೆಸಿದ ಬೇಯಿಸಿದ ಗೋಧಿ. ಹೊರಗೆ ಗಿರಣಿಯ ಹೆಂಗಸರ ಸಾಲು.

"ಅಕ್ಕಾ! ಏನಿದು ಹುಚ್ಚಾಟ? ನಾನು ಬದುಕಿದೀನಿ!"

ಅವಳು ದಾರಿಹೋಕನನ್ನು ನೋಡುವಂತೆ ನೋಡಿದಳು. "ಯಾರಪ್ಪಾ ನೀನು?"

"ಅದು ನಿನ್ನ ಬಗ್ಗೆ ಅಲ್ಲ ಕಣಕ್ಕಾ. ಸಮಾಜದ ಬಗ್ಗೆ ಬರೆದಿದ್ದು, ಸಮೀಕ್ಷೆ ಮಾಡಿ..."

"ನನ್ ತಮ್ಮನೂ ಹಿಂಗೇ ಮಾತಾಡೋನು," ಎಂದಳು ಹೆಂಗಸರ ಕಡೆ ತಿರುಗಿ. "ಪಾಪ, ಓದು ನೆತ್ತಿಗೇರಿ ಹೋಗ್ಬಿಟ್ಟ."

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

"ನಾನು ಬರೆದ ಆ ಮಾತು ತೆಗೆಸ್ತೀನಿ. ಒಳಗೆ ಬಿಡಕ್ಕಾ." ಅವನು ಗೇಟು ಹಿಡಿದು ಅಲುಗಿಸಿದ. ಚಿಲಕ ತೆಗೆಯಲು ಅವಳ ಕೈ ಬರಲಿಲ್ಲ. ಗೇಟಿನ ಮೇಲಿಂದ ಗೋಧಿ ತುಂಬಿದ ಒಂದು ಕಾಗದದ ಲೋಟ ಮಾತ್ರ ಬಂತು.

"ದಾರೀಲಿ ಹೋಗೋರಿಗೆಲ್ಲ ಕೊಡ್ಬೇಕು, ಪದ್ಧತಿ. ತಿನ್ನು. ಡೋನ್ಕಾಳ ತಮ್ಮನ್ನ ದೇವರು ಕ್ಷಮಿಸ್ಲಿ ಅನ್ನು."

ಅವನು ಒಂದು ಚಮಚ ಬಾಯಿಗಿಟ್ಟ. ಸಕ್ಕರೆ ಒಂದು ಹಿಡಿ ಜಾಸ್ತಿ, ಚಿಕ್ಕಂದಿನಲ್ಲಿ ಹಟ ಮಾಡಿ ಹಾಕಿಸಿಕೊಳ್ಳುತ್ತಿದ್ದಷ್ಟು. ಲೋಟ ಹಿಡಿದು ಗೇಟಿನ ಮುಂದೆಯೇ ನಿಂತ.

"ಬೇಗ ಅನ್ನಪ್ಪಾ," ಎಂದಿತು ಹಿಂದಿನಿಂದ ಒಂದು ದನಿ. "ನಾವೂ ನಿಂತಿದೀವಿ."