ಬೀಗರೂಟಕ್ಕೆ ಮುನ್ನ ಹೊರಟ ಮುರುಗೋಡು

ಬೀಗಿತ್ತಿ ಶಾಮಲಮ್ಮ ಎಂದರೆ ಭಾರತಮ್ಮನಿಗೆ ಎದೆ ಢವಢವ. ಮಗಳು ಸಹನಳ ಮದುವೆಯಲ್ಲಿ ಆಕೆ ಎಲೆಯನ್ನು ಅರ್ಧಕ್ಕೇ ಮಡಚಿ, "ಆಯ್ತು" ಎಂದು ಎದ್ದಿದ್ದರು. ಗೌನಿಪಲ್ಲಿಯ ಭಾರತಮ್ಮನ ಮನೆಯಲ್ಲಿ ಇವತ್ತು ಬೀಗರೂಟ. ಇವತ್ತಾದರೂ ಮರ್ಯಾದೆ ಉಳಿಯಬೇಕು, ಇಲ್ಲದಿದ್ದರೆ ಅತ್ತೆಮನೆಯಲ್ಲಿ ಮಗಳು ದಿನಾ ಮಾತು ಕೇಳಬೇಕು.

ಮುರುಗೋಡು ಮೀನಿನ ಸಾರೆಂದು ಆಗಲೇ ಹೇಳಿಕಳಿಸಿಯಾಗಿತ್ತು. ಗಂಡ ಕೋದಂಡರಾಮಪ್ಪ ಹಿಪ್ಪುನೇರಳೆ ತೋಟದ ಕೃಷಿಹೊಂಡದಲ್ಲಿ ಆ ಮೀಸೆಮೀನುಗಳನ್ನು ಸಾಕಿದ್ದ. ಅವು ಮೇಲೆ ಬಂದು ಬಾಯಿ ತೆರೆದಾಗಲೆಲ್ಲ "ಪಾಪ, ಹಸಿವು" ಎಂದು ಸತ್ತ ರೇಷ್ಮೆಹುಳು ಎರಚುತ್ತಿದ್ದ. "ನಂಗೆ ಒಂದಿನ ಉಂಡ್ಯಾ ಅಂತ ಕೇಳಿದ್ದೀರಾ?" ಎಂದು ಭಾರತಮ್ಮ ಗೊಣಗಿದರೆ ನಕ್ಕು ಇನ್ನೊಂದು ಹಿಡಿ ಎರಚುತ್ತಿದ್ದ.

ಬೆಳಗಿನ ಜಾವ ಜೋರು ಮಳೆ ಹೊಯ್ದು ಹೊಂಡ ತುಂಬಿ ಹರಿಯಿತು. ಬಲೆ ಹಾಕಿದರೆ ನಾಲ್ಕು ಕಪ್ಪೆ ಬಿಟ್ಟು ಏನೂ ಇಲ್ಲ.

"ಯಾರೋ ಕದ್ದವ್ರೆ ಕಣೇ!" ಕೋದಂಡರಾಮಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಭಾರತಮ್ಮನಿಗೆ ಅಳುವೇ ಬಂತು. ಅಷ್ಟರಲ್ಲಿ ಬೀಗರ ಟೆಂಪೊ ಬಂದು ನಿಂತಿತು. ರೇಷ್ಮೆ ಸೀರೆಯುಟ್ಟು ಇಳಿದ ಶಾಮಲಮ್ಮನ ಮುಂದೆ ಭಾರತಮ್ಮ ಬೇರೆ ದಾರಿ ಕಾಣದೆ ನಿಜ ಹೇಳಿಬಿಟ್ಟಳು.

ಶಾಮಲಮ್ಮ ಹೊಂಡದ ಏರಿ ಹತ್ತಿ, ನೀರು ಹರಿದ ಜಾಡು ನೋಡಿದರು.

"ಕಳ್ಳರೂ ಇಲ್ಲ, ಏನೂ ಇಲ್ಲ. ಹೊಸನೀರು ಕಂಡ್ರೆ ಇವು ನಿಲ್ತವಾ? ಒದ್ದೆ ನೆಲದ ಮೇಲೆ ತೆವಳ್ಕೊಂಡೇ ಹೊರಟೋಗ್ತವೆ. ದೇವರಾಯಸಮುದ್ರದ ಕೆರೆ ಕೆಳಗೆ ಹುಟ್ಟಿದೋಳು ನಾನು, ನಂಗೊತ್ತಿಲ್ವಾ!"

ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಆಕೆ ಹಿಪ್ಪುನೇರಳೆ ಸಾಲಿಗೆ ಇಳಿದೇಬಿಟ್ಟರು. ಅಲ್ಲಿ ಕೆಸರಿನಲ್ಲಿ ಮುರುಗೋಡುಗಳು ಎದೆಯ ರೆಕ್ಕೆ ಊರಿಕೊಂಡು, ಬಾಲ ಬಡಿಯುತ್ತಾ, ಯಾರ ಹಂಗೂ ಇಲ್ಲದೆ ಹಳ್ಳದ ಕಡೆ ಹೊರಟಿದ್ದವು.

"ರೆಕ್ಕೇಲಿ ಮುಳ್ಳೈತೆ, ತಲೆ ಹಿಂದೆ ಒತ್ತಿ ಹಿಡೀರಿ!" ಎಂದು ಕೂಗಿದರು.

ಬೀಗರೆಲ್ಲ ಪಂಚೆ ಎತ್ತಿ ಕಟ್ಟಿ ಧುಮುಕಿದರು. ಕೋದಂಡರಾಮಪ್ಪ ಒಂದನ್ನು ಹಿಡಿದು, "ಹೊಟ್ಟೆಗೆ ಸಾಲದೆ ಹೋದ್ಯೇನೋ?" ಎಂದ.

"ಹಸಿವಲ್ಲ ಬೀಗರೇ, ಅವು ಮೇಲೆ ಬರೋದು ಗಾಳಿ ಕುಡಿಯೋಕೆ. ಅದಕ್ಕೇ ನೀರಿಂದಾಚೆಗೂ ಬದುಕ್ತವೆ. ನೀವು ಸುಮ್ನೆ ಬಡಿಸಿದ್ದೇ ಬಡಿಸಿದ್ದು!" ಎಂದರು ಶಾಮಲಮ್ಮ.

ಭಾರತಮ್ಮನಿಗೆ ನಗು ತಡೆಯಲಾಗಲಿಲ್ಲ. ನಗುತ್ತಾ ಜಾರಿದಳು, ಆಸರೆಗೆಂದು ಬೀಗಿತ್ತಿಯ ಕೈ ಹಿಡಿದಳು, ಇಬ್ಬರೂ ಒಟ್ಟಿಗೇ ಕೆಸರಲ್ಲಿ ಕೂತರು. ಭಾರತಮ್ಮ ಗಾಬರಿಯಿಂದ ಬೀಗಿತ್ತಿಯ ಸೀರೆಯ ಕೆಸರು ಒರೆಸತೊಡಗಿದಳು. ಶಾಮಲಮ್ಮ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಭಾರತಮ್ಮ ಕೊಟ್ಟ ಹಳೇ ನೂಲಿನ ಸೀರೆಯುಟ್ಟು ಆಕೆ ಅಡುಗೆಮನೆಯಲ್ಲೇ ಕೂತು ಹುಣಸೆಹಣ್ಣು ಕಿವುಚಿದರು, ಖಾರ ಸಾಲದೆಂದು ಬೈದರು, ಸಾರನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಸಂಜೆ ಹೊರಡುವಾಗ ಭಾರತಮ್ಮ ತೊಳೆದಿಟ್ಟ ರೇಷ್ಮೆ ಸೀರೆ ಮಡಚಿ ತಂದಳು.

"ಅದು ಇಲ್ಲೇ ಇರ್ಲಿ ಅತ್ತಿಗೆ. ಇನ್ನೊಂದಿನ ಬಂದು ತಗೊಂಡೋಗ್ತೀನಿ," ಎಂದು ಶಾಮಲಮ್ಮ ನೂಲಿನ ಸೀರೆಯಲ್ಲೇ ಟೆಂಪೊ ಹತ್ತಿದರು.