ಇದ್ದಿಲು ಮೇಡಂ ಸನ್ಮಾನಕ್ಕೆ ಕೂರಲಿಲ್ಲ

ಚಿತ್ರಕಲಾ ಶಿಕ್ಷಕರ ಸಂಘದ ವಾರ್ಷಿಕ ಸಮ್ಮೇಳನ ಎಂದರೆ ಮೊದಲ ದಿನ ಮಧ್ಯಾಹ್ನದ ಊಟವಾದ ಮೇಲೆ ಇದ್ದಿಲು ಮೇಡಂ ಅವರ ಪ್ರಾತ್ಯಕ್ಷಿಕೆ ಇರಲೇಬೇಕು. ಊಟ ಹೊಡೆದು ಜೋಂಪು ಹತ್ತಿದವರನ್ನು ನೆಟ್ಟಗೆ ಕೂರಿಸುವ ತಾಕತ್ತು ಅವರೊಬ್ಬರಿಗೇ ಇರುವುದೆಂದು ಸಂಘದವರಿಗೂ ಗೊತ್ತಿತ್ತು. ಸಭೆಯಿಂದ ಯಾರನ್ನೋ ಕರೆದು ಕುರ್ಚಿಯಲ್ಲಿ ಕೂರಿಸಿ, ಒಂದು ತುಂಡು ಇದ್ದಿಲು ಹಿಡಿದು, ಮಾತಾಡುತ್ತಾ ಮಾತಾಡುತ್ತಲೇ ಆ ಮುಖವನ್ನು ದೊಡ್ಡ ಹಾಳೆಯ ಮೇಲೆ ಇಳಿಸಿಬಿಡುತ್ತಿದ್ದರು. ಬೆರಳು, ಮುಂಗೈ, ಒಮ್ಮೊಮ್ಮೆ ಮೂಗಿನ ತುದಿಯೂ ಕಪ್ಪಾಗಿರುತ್ತಿದ್ದುದರಿಂದ ಅವರ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಈಗ ಆ ಕೈ ನಡುಗುತ್ತಿತ್ತು.

ಮೊದಲು ಟೀ ಕಪ್ಪು ತಟ್ಟೆಯ ಮೇಲೆ ಸದ್ದು ಮಾಡತೊಡಗಿತು. ಆಮೇಲೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಡಾಕ್ಟರು ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮಾತ್ರೆ ಬರೆದುಕೊಟ್ಟು, ಹೆಚ್ಚಾಗದಂತೆ ನೋಡಿಕೊಳ್ಳಬಹುದು, ಹೋಗಲಾಡಿಸಲು ಆಗದು ಎಂದಿದ್ದರು. ಮೇಡಂ ಮರುದಿನವೇ ಶಾಲೆಗೆ ಹೋಗಿ ಎಂದಿನಂತೆ ಕರಿಹಲಗೆಯ ಮೇಲೆ ಬೆಕ್ಕು ಬಿಡಿಸಿದರು. ಬೆಕ್ಕಿನ ಬೆನ್ನು ಗರಗಸದ ಹಾಗೆ ಬಂತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ಬೆಕ್ಕಿಗೆ ಚಳಿನಾ, ನಿಮಗೆ ಚಳಿನಾ?" ಎಂದಳು. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಗೆ ಆ ಶಾಲೆಯಲ್ಲಿ ಕೈಯ ವಿಷಯ ಮುಗಿಯಿತು. ಮಕ್ಕಳು ಬೆಕ್ಕು ಬಿಡಿಸಿದರು.

ದೊಡ್ಡವರ ಹತ್ತಿರ ಅದು ಅಷ್ಟು ಸುಲಭಕ್ಕೆ ಮುಗಿಯಲಿಲ್ಲ.

ಸಮ್ಮೇಳನಕ್ಕೆ ಇನ್ನೂ ಸಾಕಷ್ಟು ದಿನವಿರುವಾಗಲೇ ಸಂಘದ ಕಾರ್ಯದರ್ಶಿ ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು ಮನೆಗೆ ಬಂದ. ಒಂದು ಕಾಲಕ್ಕೆ ಮೇಡಂ ಹತ್ತಿರವೇ ಚಿತ್ರ ಕಲಿತವನು. ಒಳ್ಳೆಯ ಕೈ ಇತ್ತು. ಈಗ ಮೈಕು, ಬ್ಯಾನರು, ಊಟದ ಕೂಪನ್ನು ಎಂದು ಓಡಾಡುವುದರಲ್ಲೇ ನುರಿತುಹೋಗಿದ್ದ. ಅಂಗಿಯ ಜೇಬಿನಲ್ಲಿ ಪೆನ್ನು ಮೂರಿದ್ದರೂ ಪೆನ್ಸಿಲ್ ಒಂದೂ ಇರಲಿಲ್ಲ.

"ಮೇಡಂ, ಈ ಸಲ ನಿಮಗೆ ಸನ್ಮಾನ ಇಟ್ಕೊಂಡಿದೀವಿ," ಎಂದ.

"ಸಂತೋಷ. ನನ್ನ ಕ್ಲಾಸು ಎಷ್ಟು ಗಂಟೆಗೆ?"

"ಅದು... ಈ ಸಲ ಬಣ್ಣದ ಕಂಪನಿಯವರು ಸ್ಲೈಡ್ ಹಾಕಿ ಏನೋ ತೋರಿಸ್ತಾರಂತೆ. ಊಟದ ಖರ್ಚು ಅವರದ್ದೇ. ಆ ಟೈಮು ಅವರಿಗೆ ಕೊಡಬೇಕಾಯ್ತು."

"ಅಂದ್ರೆ ಡ್ರಾಯಿಂಗ್ ಟೀಚರುಗಳೆಲ್ಲ ಸೇರಿ ಎರಡು ದಿನ ಕೂತಿದ್ರೂ ಒಬ್ಬರೂ ಡ್ರಾಯಿಂಗ್ ಮಾಡಲ್ಲ."

ಕಾರ್ಯದರ್ಶಿ ಕತ್ತು ಕೆರೆದುಕೊಂಡ. "ನಿಮ್ಮ ಒಳ್ಳೇದಕ್ಕೇ ಮೇಡಂ. ಅಷ್ಟು ಜನರ ಮುಂದೆ ಸುಮ್ನೆ ನಿಮಗೆ ಬೇಜಾರಾಗಬಾರದು ಅಂತ..."

ಒಳಕೋಣೆಯಿಂದ ಮೇಡಂ ತಂಗಿ ಬಂದಳು. ಆಸ್ಪತ್ರೆಯಲ್ಲಿ ನರ್ಸು. ಎಂಥ ಜಗಮೊಂಡ ರೋಗಿಗೂ ಸೂಜಿ ಚುಚ್ಚಿ ಬರುವ ಹೆಂಗಸು. "ಬೇಜಾರಾಗೋದು ನಮ್ಮಕ್ಕನಿಗೋ, ನಿಮಗೋ?" ಎಂದು ಟೀ ಕುಕ್ಕಿದಳು. ಕಾರ್ಯದರ್ಶಿ ಅರ್ಧ ಟೀ ಬಿಟ್ಟು ಎದ್ದ.

ಅವನ ಬೆನ್ನು ತಿರುಗಿದ್ದೇ ತಡ, ತಂಗಿ ಪಕ್ಷ ಬದಲಾಯಿಸಿದಳು. "ಅಕ್ಕ, ಅವನು ಹೇಳಿದ ರೀತಿ ಸರಿಯಿಲ್ಲ, ಮಾತು ಸರಿಯಾಗೇ ಇದೆ. ಸನ್ಮಾನ ತಗೊಂಡು ಬಾ. ಸಾಕು."

"ಯಾಕೆ?"

"ಜನ ಅಯ್ಯೋ ಪಾಪ ಅಂತಾರೆ. ದಿನಾ ಆಸ್ಪತ್ರೇಲಿ ನೋಡ್ತೀನಿ ನಾನು. ನೋವು ತಡ್ಕೊಳ್ಳೋರು ಕೂಡ ಅದನ್ನ ತಡ್ಕೊಳಲ್ಲ. ನೀನಂತೂ ತಡ್ಕೊಳಲ್ಲ."

ತಂಗಿಯ ಮಾತು ಮೇಡಂಗೆ ಮುಳ್ಳಿನ ಹಾಗೆ ಚುಚ್ಚಿತು. ಅವಳು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಚುಚ್ಚಿತು. ಅಂದಿನಿಂದ ದಿನಾ ಸಂಜೆ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕುಳಿತರು. ತಂಗಿಯ ಮುಖ, ಕನ್ನಡಿಯಲ್ಲಿ ತಮ್ಮದೇ ಮುಖ, ಹಾಲಿನವನ ಮುಖ. ಒಂದೂ ಸರಿ ಬರಲಿಲ್ಲ. ಗೆರೆ ತಾನು ಹೋಗಬೇಕಾದಲ್ಲಿ ಹೋಗದೆ ಪಕ್ಕದ ಮನೆಗೆ ಹೋಗಿ ಬರುತ್ತಿತ್ತು. ಮೇಡಂ ಸಿಟ್ಟಿನಿಂದ ಹಾಳೆ ಮುದುರಿ ಎಸೆದರು, ಮತ್ತೆ ಎತ್ತಿ ಬಿಡಿಸಿ ನೋಡಿದರು. ತಂಗಿ ಕಸ ಗುಡಿಸಿದಳು. ಒಂದು ಸಂಜೆ ಮಾತ್ರ ಗುಡಿಸುವುದನ್ನು ನಿಲ್ಲಿಸಿ, "ಅಲ್ಲಿ ಹೋಗಿ ಬಿಡಿಸೋದೇ ಅಂತ ಗಟ್ಟಿ ಮಾಡಿದೀಯಾ?" ಎಂದು ಕೇಳಿದಳು.

"ಹೂಂ."

"ಹಾಗಾದ್ರೆ ಡ್ರಾಯಿಂಗ್ ಬೋರ್ಡು ನಾನು ಹೊರ್ತೀನಿ. ನೀನು ಹೊತ್ತು ಇನ್ನೂ ಕೈ ನೋಯಿಸ್ಕೊಬೇಡ."

ಸಮ್ಮೇಳನದ ಸಭಾಂಗಣ ದೊಡ್ಡದಾಗಿತ್ತು. ಕುರ್ಚಿಗಳಿಗೆಲ್ಲ ಬಿಳಿ ಗವಸು, ವೇದಿಕೆಯ ಮೇಲೆ ಅಗಲವಾದ ಬ್ಯಾನರು, ಮೂಲೆಯಲ್ಲಿ ಗುಂಯ್‌ಗುಡುವ ಪ್ರೊಜೆಕ್ಟರು. ಗೋಡೆಗಳು ಮಾತ್ರ ಬೋಳು. ಅಷ್ಟು ಜನ ಚಿತ್ರದ ಮೇಷ್ಟ್ರುಗಳು ಸೇರಿದ ಜಾಗದಲ್ಲಿ ಅಂಗೈ ಅಗಲದ ಚಿತ್ರವೂ ಇರಲಿಲ್ಲ. ಮಾತೆಲ್ಲ ವರ್ಗಾವಣೆಯದು, ಹೊಸ ವೇಳಾಪಟ್ಟಿಯದು. ಒಬ್ಬರು ತಮ್ಮ ಶಾಲೆಯಲ್ಲಿ ಕ್ರೀಡಾಕೂಟದ ಟ್ರ್ಯಾಕಿಗೆ ಸುಣ್ಣದ ಗೆರೆ ಹಾಕುವುದು ತಮ್ಮದೇ ಕೆಲಸ ಎಂದು ಗೊಣಗುತ್ತಿದ್ದರು. ಇನ್ನೊಬ್ಬರು ವರ್ಷವಿಡೀ ಸರ್ಟಿಫಿಕೇಟುಗಳ ಮೇಲೆ ಹೆಸರು ಬರೆದು ಬರೆದು ಕಣ್ಣು ಹೋಯಿತು ಎನ್ನುತ್ತಿದ್ದರು. ಬಣ್ಣದ ಕಂಪನಿಯ ಯುವಕ ಪ್ರತಿ ಕುರ್ಚಿಯ ಮೇಲೂ ಒಂದೊಂದು ಹಾಳೆ ಇಟ್ಟು ಹೋಗಿದ್ದ. ಮುಂದೆ ಬಣ್ಣಗಳ ಜಾಹೀರಾತು, ಹಿಂದೆ ಖಾಲಿ.

ತಂಗಿ ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಬೋರ್ಡನ್ನು ಗೋಡೆಗೆ ಒರಗಿಸಿ, ಕೇಳಿದವರಿಗೆಲ್ಲ "ನಮ್ಮಕ್ಕನ ಸಾಮಾನು" ಎಂದಷ್ಟೇ ಹೇಳಿದಳು.

ಊಟವಾಯಿತು. ಕಂಪನಿಯವರ ಸ್ಲೈಡಿಗೆ ಮೊದಲು ಮೇಡಂ ಅವರನ್ನು ವೇದಿಕೆಗೆ ಕರೆದರು. ಅಲ್ಲಿ ಕೆಂಪು ಮಖಮಲ್ಲಿನ ದೊಡ್ಡ ಕುರ್ಚಿ, ಪಕ್ಕದ ಮೇಜಿನ ಮೇಲೆ ಹೊಳೆಯುವ ಫಲಕ. ಕಾರ್ಯದರ್ಶಿ ಮೈಕು ಹಿಡಿದು ಹೊಗಳಿಕೆ ಓದತೊಡಗಿದ. ಓದುತ್ತಾ ಎಲ್ಲ ಮಾತನ್ನೂ ಭೂತಕಾಲದಲ್ಲೇ ಹೇಳುತ್ತಿದ್ದ. ಬಿಡಿಸುತ್ತಿದ್ದರು, ಕಲಿಸುತ್ತಿದ್ದರು, ನಗಿಸುತ್ತಿದ್ದರು. ಮೇಡಂ ಮೈಯೆಲ್ಲ ಉರಿದುಹೋಯಿತು. ನಿವೃತ್ತಿಗೆ ಇನ್ನೂ ವರ್ಷಗಳಿದ್ದವು. ಸಮ್ಮೇಳನ ಮುಗಿದ ಮರುದಿನವೇ ಆರನೇ ಕ್ಲಾಸಿಗೆ ಹೋಗಬೇಕಿತ್ತು. ಇವನು ಮಾಲೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಹಾಕಿ ಸತ್ತವರ ಫೋಟೋಗೆ ಚೌಕಟ್ಟು ಹೊಡೆಯುತ್ತಿದ್ದಾನೆ ಅನ್ನಿಸಿತು.

"ಈಗ ಮೇಡಂ ಅವರು ದಯವಿಟ್ಟು ಆಸೀನರಾಗಬೇಕು," ಎಂದ ಕಾರ್ಯದರ್ಶಿ.

ಮೇಡಂ ಕೂರಲಿಲ್ಲ. ಅವನ ಕೈಯಿಂದ ಮೈಕು ತೆಗೆದುಕೊಂಡರು. "ನೀನು ಕೂತ್ಕೋ," ಎಂದರು.

"ಮೇಡಂ?"

"ಕೂತ್ಕೊಳಪ್ಪ. ನಿನ್ನ ಮುಖ ಬಿಡಿಸ್ತೀನಿ."

ಸಭೆಯಲ್ಲಿ ನಗೆ ಎದ್ದಿತು. ಇದೂ ಕಾರ್ಯಕ್ರಮದ ಭಾಗವೇ ಇರಬೇಕೆಂದುಕೊಂಡು ಕೆಲವರು ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ನಡುವೆ ಬೇಡ ಎನ್ನಲಾಗದೆ ಕಾರ್ಯದರ್ಶಿ ಪೇಚಿಗೆ ಸಿಕ್ಕಿಕೊಂಡ. ಅಷ್ಟರಲ್ಲಿ ತಂಗಿ ಬೋರ್ಡು ತಂದು ಇನ್ನೊಂದು ಕುರ್ಚಿಯ ಬೆನ್ನಿಗೆ ಆನಿಸಿ ಹಾಳೆಗೆ ಕ್ಲಿಪ್ಪು ಹಾಕಿಬಿಟ್ಟಿದ್ದಳು. ಅವನು ಮಖಮಲ್ಲಿನ ಕುರ್ಚಿಯ ತುದಿಯಲ್ಲಿ ಇಂಗು ತಿಂದ ಮಂಗನ ಹಾಗೆ ಕುಳಿತ.

ಮೇಡಂ ಇದ್ದಿಲು ಹಿಡಿದು ಮೊದಲ ಗೆರೆ ಎಳೆದರು. ಇದ್ದಿಲು ಪಟ್ಟೆಂದು ಮುರಿಯಿತು. ಇನ್ನೊಂದು ತುಂಡು ತೆಗೆದುಕೊಂಡರು. ಹಣೆ ಸೊಟ್ಟಗೆ ಹೋಯಿತು. ಎಡಗೆನ್ನೆ ಹಲ್ಲುನೋವು ಬಂದವರ ಹಾಗೆ ಊದಿಕೊಂಡಿತು. ಮೊದಲಿಗೆ ನಕ್ಕವರು ಮೆಲ್ಲನೆ ನಗುವುದನ್ನು ನಿಲ್ಲಿಸಿದರು. ಹಾಳೆಯ ಮೇಲೆ ಇದ್ದಿಲು ಟಕಟಕ ಬಡಿಯುವುದು ಹಿಂದಿನ ಸಾಲಿನವರಿಗೂ ಕೇಳುತ್ತಿತ್ತು. ಮುಂದಿನ ಸಾಲಿನಲ್ಲಿ ಯಾರೋ ಉಸಿರುಬಿಟ್ಟು ಅಂದರು: "ಅಯ್ಯೋ ಪಾಪ."

ವೇದಿಕೆಯ ಮೆಟ್ಟಿಲ ಹತ್ತಿರ ನಿಂತಿದ್ದ ತಂಗಿ ಕಣ್ಣು ಮುಚ್ಚಿಕೊಂಡಳು.

ಮೇಡಂ ಕಾಲುಗಳು ಮೆಟ್ಟಿಲ ಕಡೆ ಹೋಗೋಣ ಎಂದವು. ಹೋಗಿಬಿಡಬಹುದಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ, ಎದ್ದು ನಿಂತು ಚಪ್ಪಾಳೆಯನ್ನೂ ತಟ್ಟುತ್ತಿದ್ದರು. ಮೇಡಂ ತಿರುಗಿ ನಿಂತು ಮೈಕು ಬಾಯಿಗೆ ಹಿಡಿದರು.

"ಯಾರದು ಪಾಪ ಅಂದಿದ್ದು? ಮೇಲೆ ಬನ್ನಿ."

ಗಡ್ಡದ ಮೇಷ್ಟ್ರೊಬ್ಬರು ತಪ್ಪು ಮಾಡಿದ ಹುಡುಗನ ಹಾಗೆ ಎದ್ದು ಬಂದರು. ಮೇಡಂ ಇದ್ದಿಲು ಚಾಚಿ, "ಈ ಕೆನ್ನೆ ನೀವು ಸರಿ ಮಾಡಿ," ಎಂದರು.

"ನಾನಾ? ಬೇಡಿ ಮೇಡಂ. ಅಭ್ಯಾಸ ತಪ್ಪಿಹೋಗಿದೆ."

"ಎಷ್ಟು ದಿನ ಆಯ್ತು ಬಿಡಿಸಿ?"

ಗಡ್ಡದ ಮೇಷ್ಟ್ರು ನೆಲ ನೋಡಿದರು. ಸುಳ್ಳು ಹೇಳುವ ಮನುಷ್ಯರಲ್ಲ. "ದಿನದ ಮಾತಲ್ಲ ಮೇಡಂ. ನನ್ನ ಮಗಳು ಹುಟ್ಟಿದಾಗ ತೊಟ್ಟಿಲ ಪಕ್ಕ ಕೂತು ಅವಳ ಮುಖ ಬಿಡಿಸಿದ್ದೆ. ಈಗ ಅವಳು ಕಾಲೇಜಿಗೆ ಹೋಗ್ತಾಳೆ."

ಮೇಡಂ ಆ ಸಭೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ನಡುಗುವ ಕೈಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು.

"ನನ್ನ ಕೈ ನಡುಗುತ್ತೆ. ಡಾಕ್ಟರ ಚೀಟಿ ಇದೆ. ನಿಮ್ಮ ಕೈಗೆಲ್ಲ ಏನಾಗಿದೆ?"

ಮುಂದಿನ ಸಾಲಿನ ಕೆಲವರು ತಮ್ಮ ತಮ್ಮ ಕೈ ನೋಡಿಕೊಂಡರು.

"ಪಾಪ ಅನ್ನೋದಾದ್ರೆ ನಾನು ಅನ್ನಬೇಕು ನಿಮಗೆ. ಗಟ್ಟಿ ಕೈ ಇಟ್ಕೊಂಡು ಸುಣ್ಣದ ಗೆರೆ ಹಾಕ್ತಾ ಕೂತಿದೀರಿ. ಚಿತ್ರ ಬಿಡಿಸದ ಡ್ರಾಯಿಂಗ್ ಟೀಚರಿಗೆ ಸುಣ್ಣ ಅಲ್ಲದೆ ಬೇರೆ ಏನು ಕೆಲಸ ಕೊಡ್ತಾರೆ? ನಿಮ್ಮ ಕುರ್ಚಿ ಮೇಲೆ ಹಾಳೆ ಇದೆ. ಹಿಂದುಗಡೆ ಖಾಲಿ ಇದೆ. ತಿರುಗಿಸಿ. ಇವನ ಮುಖ ಬಿಡಿಸಿ. ಕೆಟ್ಟದಾಗಿ ಬಂದ್ರೆ ಬರಲಿ. ನನ್ನದು ನೋಡಿದ್ರಲ್ಲ."

ತಂಗಿ ಇದ್ದಿಲಿನ ಡಬ್ಬಿ ಹಿಡಿದು ಸಾಲುಗಳ ನಡುವೆ ಇಳಿದಳು. ವಾರ್ಡಿನಲ್ಲಿ ಮಾತ್ರೆ ಹಂಚುವ ಗತ್ತಿನಲ್ಲೇ, "ಕೈ ಚಾಚಿ, ಬೇಗ" ಎಂದು ಒಬ್ಬೊಬ್ಬರ ಅಂಗೈಗೂ ಒಂದೊಂದು ತುಂಡು ಹಾಕಿದಳು. ಕೆಲವರು ತೆಗೆದುಕೊಳ್ಳಲಿಲ್ಲ. ಸಂಘದ ಅಧ್ಯಕ್ಷರು ಗಂಟುಮುಖ ಹಾಕಿಕೊಂಡು ಹೊರಗೆ ನಡೆದರು, ಅವರ ಹಿಂದೆ ಒಂದಷ್ಟು ಜನ ಟೀ ಕುಡಿಯುವ ನೆಪದಲ್ಲಿ ಜಾರಿಕೊಂಡರು. ಬಣ್ಣದ ಕಂಪನಿಯ ಯುವಕ ತನ್ನ ಜಾಹೀರಾತೆಲ್ಲ ಕಪ್ಪಾಗುವುದನ್ನು ಬಾಯಿ ಬಿಟ್ಟುಕೊಂಡು ನೋಡಿದ. ಉಳಿದವರು ಮಾತ್ರ ತಲೆ ತಗ್ಗಿಸಿದರು. ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಇಡೀ ಸಭಾಂಗಣದಲ್ಲಿ ಇದ್ದಿಲು ಕಾಗದಕ್ಕೆ ಉಜ್ಜುವ ಸಪ್ಪಳ ಹಬ್ಬಿತು.

ಕಾರ್ಯದರ್ಶಿ ಏಳಲು ನೋಡಿದ. "ಮೇಡಂ, ಟೈಮಾಯ್ತು, ಮುಂದಿನ ಕಾರ್ಯಕ್ರಮ..."

"ಅಲ್ಲಾಡಬೇಡ. ಇನ್ನೂ ಕಿವಿ ಬಾಕಿ ಇದೆ."

ಅಷ್ಟು ಜನರ ಕಣ್ಣು ತನ್ನ ಮೇಲೇ ನೆಟ್ಟಿರುವಾಗ ಅವನು ಅಲ್ಲಾಡುವುದಾದರೂ ಹೇಗೆ? ಕಂಬದ ಹಾಗೆ ಕುಳಿತ. ಮೇಡಂ ಎರಡನೇ ಹಾಳೆ ಹಾಕಿಸಿಕೊಂಡು ಮತ್ತೆ ಶುರು ಮಾಡಿದರು, ತಮ್ಮ ತಪ್ಪುಗಳನ್ನು ತಾವೇ ಎತ್ತಿ ತೋರಿಸುತ್ತಾ ಹೋದರು. "ಇಲ್ಲಿ ಗೆರೆ ಹಾರಿದ್ದು ಕೈ ನಡುಗಿದ್ದಕ್ಕೆ. ಅದಿರಲಿ ಬಿಡಿ. ಆದರೆ ಈ ದವಡೆ ತಪ್ಪಿದ್ದು ಕೈ ನಡುಗಿದ್ದಕ್ಕಲ್ಲ. ನಾನು ಅವನನ್ನ ನೋಡದೆ ಹಾಕಿದ್ದಕ್ಕೆ. ಇದನ್ನ ಮಾತ್ರ ಅಳಿಸಬೇಕು." ಗಡ್ಡದ ಮೇಷ್ಟ್ರು ವೇದಿಕೆಯ ಅಂಚಿನಲ್ಲೇ ಕಾಲು ಇಳಿಬಿಟ್ಟು ಕುಳಿತು, ಗಡ್ಡಕ್ಕೆಲ್ಲ ಮಸಿ ಬಳಿದುಕೊಂಡು ಬಿಡಿಸುತ್ತಿದ್ದರು.

ಮೇಡಂ ಅವರ ಚಿತ್ರ ಚೆನ್ನಾಗಿ ಬಂತು ಎಂದರೆ ಸುಳ್ಳಾಗುತ್ತದೆ. ಹಳೆಯ ದಿನಗಳ ಚಿತ್ರದ ಮುಂದೆ ಅದು ಏನೂ ಅಲ್ಲ. ಆದರೆ ಆ ಕಣ್ಣಲ್ಲಿದ್ದ ಗಾಬರಿ ಕಾರ್ಯದರ್ಶಿಯದೇ ಎನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಮೇಡಂ ಅದರ ಕೆಳಗೆ ದೊಡ್ಡದಾಗಿ, ವಕ್ರವಕ್ರವಾಗಿ ರುಜು ಹಾಕಿದರು. ಫಲಕವನ್ನು ಮೇಜಿನ ಮೇಲೇ ಬಿಟ್ಟು ಇಳಿದರು.

ಹೊರಗೆ ಮೊಗಸಾಲೆಯಲ್ಲಿ ಕಾರ್ಯದರ್ಶಿ ಅಡ್ಡ ನಿಂತ. ಮುಖ ಕೆಂಪೇರಿತ್ತು. "ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆದುಬಿಟ್ರಿ ಮೇಡಂ."

"ಮರ್ಯಾದೆ ತೆಗೀಲಿಲ್ಲಪ್ಪ, ಚಿತ್ರ ತೆಗೆದೆ."

"ಗೌರವದಿಂದ ಕಳಿಸಿಕೊಡೋಣ ಅಂತಿದ್ವಿ."

"ಅದೇ ತಪ್ಪಾಗಿದ್ದು. ಹೋಗ್ತೀನಿ ಅಂತ ನಾನು ಯಾವತ್ತು ಹೇಳಿದ್ದೆ?"

ಮನೆ ಮುಟ್ಟಿದ ಮೇಲೆ ತಂಗಿ ಅಕ್ಕನ ಮುಂಗೈ ತೊಳೆಯುತ್ತಾ, "ಪಾಪ ಅಂದಾಗ ನಾನು ಓಡಿಹೋಗ್ತಿದ್ದೆ," ಎಂದಳು. "ನೀನು ಅಂದವರನ್ನೇ ಮೇಲೆ ಕರೆದೆಯಲ್ಲ!" ಆಮೇಲೆ ಇಬ್ಬರೂ ನಕ್ಕರು, ನಕ್ಕು ನಕ್ಕು ಮೇಡಂ ಕಣ್ಣಲ್ಲಿ ನೀರು ಬಂತು. ಅದೆಲ್ಲ ನಗುವಿನ ನೀರೇ ಅಲ್ಲವೆಂದು ತಂಗಿಗೆ ತಿಳಿಯಿತು. ಸುಮ್ಮನೆ ಟವೆಲ್ಲು ಕೊಟ್ಟಳು.

ಸಂಘ ಸುಮ್ಮನಿರಲಿಲ್ಲ. ಕಾರ್ಯಕಾರಿ ಸಮಿತಿ ಸೇರಿ, ಇನ್ನು ಮುಂದೆ ಇದ್ದಿಲು ಮೇಡಂ ಅವರನ್ನು ಯಾವ ತರಬೇತಿಗೂ ಕರೆಯಬಾರದು ಎಂದು ತೀರ್ಮಾನಿಸಿತು. ಸುದ್ದಿ ತಿಳಿಸಲು ಫೋನು ಮಾಡಿದ್ದು ಗಡ್ಡದ ಮೇಷ್ಟ್ರು. ಹೇಳಿ ಮುಗಿಸಿ, ಕೆಮ್ಮಿ, "ಅದಿರಲಿ ಮೇಡಂ, ನಾವು ಕೆಲವರು ಭಾನುವಾರ ನಿಮ್ಮ ಹತ್ತಿರ ಬಂದರೆ ಆಗುತ್ತಾ?" ಎಂದರು.

ಮೇಡಂ ತಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿಯ ಹತ್ತಿರ ಡ್ರಾಯಿಂಗ್ ಕೋಣೆಯ ಬೀಗದ ಕೈ ಕೇಳಿ ತಂದರು. ಮೊದಲ ಭಾನುವಾರ ಬಂದವರು ಬೆರಳೆಣಿಕೆಯಷ್ಟು. ಮಕ್ಕಳ ಬೆಂಚು ತಗ್ಗು, ಎಲ್ಲರ ಮೊಣಕಾಲೂ ಗದ್ದಕ್ಕೆ ಬಡಿಯುತ್ತಿತ್ತು. ಆಮೇಲೆ ಸಂಖ್ಯೆ ಹೆಚ್ಚಿತು, ಒಮ್ಮೊಮ್ಮೆ ಕಡಿಮೆಯೂ ಆಯಿತು. ಸುಣ್ಣದ ಗೆರೆಯವರು ಬಂದರು. ಸರ್ಟಿಫಿಕೇಟಿನವರು ಒಂದು ಸಲ ಬಂದು ಮತ್ತೆ ಬರಲಿಲ್ಲ. ಬಂದವರು ಬಿಡಿಸಿದರು, ಬೈಸಿಕೊಂಡರು, ಮತ್ತೆ ಬಿಡಿಸಿದರು. ಮೇಡಂ ಕೈ ಮೊದಲಿಗಿಂತ ಕೊಂಚ ಹೆಚ್ಚೇ ನಡುಗುತ್ತಿತ್ತು.

ಒಂದು ಭಾನುವಾರ ಕೂರಲು ಯಾರೂ ಸಿಗದೆ ತಂಗಿಯನ್ನೇ ಕುರ್ಚಿಯಲ್ಲಿ ಕೂರಿಸಿದ್ದರು. "ನೈಟ್ ಡ್ಯೂಟಿ ಮುಗಿಸಿ ಬಂದಿದೀನಿ, ನಿದ್ದೆ ಮಾಡ್ತಿರೋ ಹಾಗೇ ಬಿಡಿಸ್ಕೊಳ್ಳಿ" ಎಂದು ಅವಳು ಗೊಣಗುತ್ತಿರುವಾಗ ಬಾಗಿಲಲ್ಲಿ ಕಾರ್ಯದರ್ಶಿ ಕಾಣಿಸಿಕೊಂಡ. ಒಳಗೆ ಬರಲಿಲ್ಲ.

"ಮೇಡಂ, ಅಧ್ಯಕ್ಷರು ಹೇಳಿ ಕಳಿಸಿದ್ದಾರೆ. ಸಂಘದ ಅನುಮತಿ ಇಲ್ಲದೆ ಸಂಘದ ಸದಸ್ಯರಿಗೆ ತರಬೇತಿ ನಡೆಸೋ ಹಾಗಿಲ್ಲ ಅಂತೆ."

ಕೋಣೆಯಲ್ಲಿ ಎಲ್ಲರ ಕೈಯೂ ನಿಂತಿತು. ಗಡ್ಡದ ಮೇಷ್ಟ್ರು ಹಾಳೆಯನ್ನು ಅರ್ಧ ಮಡಚಿದರು.

"ಇದು ತರಬೇತಿ ಅಲ್ಲ," ಎಂದರು ಮೇಡಂ. "ಭಾನುವಾರ ನಾಲ್ಕು ಜನ ಕೂತು ಚಿತ್ರ ಬಿಡಿಸ್ತಿದೀವಿ. ಅದಕ್ಕೆ ಯಾರ ಅನುಮತಿನೂ ಬೇಡ. ನಿಮ್ಮ ಅಧ್ಯಕ್ಷರಿಗೆ ಹೇಳು, ನಾನು ಹೇಳಿದೆ ಅಂತಲೇ ಹೇಳು."

"ಸದಸ್ಯತ್ವ ತೆಗೆದುಹಾಕ್ತಾರೆ ಮೇಡಂ. ಇವರೆಲ್ಲರದ್ದೂ."

"ತೆಗೀಲಿ. ಸದಸ್ಯತ್ವದಿಂದ ಮೂಗು ಬಿಡಿಸೋಕಾಗುತ್ತಾ?" ಮೇಡಂ ಅವನ ಮುಖವನ್ನು ಒಂದು ಗಳಿಗೆ ನೋಡಿದರು. ದನಿ ಕೊಂಚ ತಗ್ಗಿತು. "ಕಿಟಕಿ ಪಕ್ಕ ಒಂದು ಬೆಂಚು ಖಾಲಿ ಇದೆ. ನಿನ್ನ ಕೈ ಚೆನ್ನಾಗಿತ್ತು. ಬರೋದಾದ್ರೆ ಬಂದು ಕೂತ್ಕೋ. ಇಲ್ಲಾಂದ್ರೆ ಬಾಗಿಲು ಎಳ್ಕೊಂಡು ಹೋಗು, ಗಾಳಿಗೆ ಹಾಳೆ ಹಾರುತ್ತೆ."

ಕಾರ್ಯದರ್ಶಿ ಆ ಬೆಂಚಿನ ಕಡೆ ನೋಡಿದ. ಆಮೇಲೆ ಬಾಗಿಲು ಎಳೆದುಕೊಂಡು ಹೊರಟುಹೋದ. ಅವನ ಬೂಟಿನ ಸದ್ದು ಮೆಟ್ಟಿಲು ಇಳಿಯುವವರೆಗೂ ಕೇಳಿಸಿತು.

ಕುರ್ಚಿಯಲ್ಲಿದ್ದ ತಂಗಿ ಕತ್ತು ಅಲ್ಲಾಡಿಸದೆ, "ಈಗೇನು ಮಾಡೋದಕ್ಕಾ?" ಎಂದಳು.

ಮೇಡಂ ಮಡಚಿದ ಹಾಳೆಯನ್ನು ಗಡ್ಡದ ಮೇಷ್ಟ್ರ ಕೈಯಿಂದ ತೆಗೆದು, ಬೆಂಚಿನ ಮೇಲೆ ಹರಡಿ, ನಡುಗುವ ಅಂಗೈಯಿಂದ ಮಡಿಕೆಯನ್ನು ಒತ್ತಿ ಒತ್ತಿ ನೇರ ಮಾಡಿದರು.

"ಯಾಕೆ ನಿಲ್ಲಿಸಿದ್ರಿ?" ಎಂದರು. "ಬಿಡಿಸಿ."